ಆಯಿಲ್ ಮುಚ್ಚಳದ ಕೆನೆ

ಕರ್ರ್... ಕರ್ರ್... ಬ್ರೂಂ.

ಸುಮನಾ ದಿಂಬಿನಿಂದ ತಲೆ ಎತ್ತಿದಳು. ಅಪ್ಪ ವಸಂತನರಸಾಪುರದ ಫ್ಯಾಕ್ಟರಿಗೆ ನೈಟ್ ಶಿಫ್ಟಿಗೆ ಹೋಗಿದ್ದ. ಅಮ್ಮನಿಗೆ ಗಾಢ ನಿದ್ದೆ. ಮೊನ್ನೆ ರಾತ್ರಿಯೂ ಇದೇ ಸದ್ದು ಕೇಳಿತ್ತು.

ಅವಳು ಕಿಟಕಿಯ ಪರದೆ ಸರಿಸಿದಳು. ಕಾಂಪೌಂಡಿನಲ್ಲಿ ತಾತನ ಹಳೇ ನೀಲಿ ಕಾರು ನಡುಗುತ್ತ ನಿಂತಿತ್ತು. ಒಳಗೆ ತಾತ ಕೂತಿದ್ದರು. ಕಣ್ಣು ಮಂಜಾದ ಮೇಲೆ ಅವರು ಗಾಡಿ ಓಡಿಸುವಂತಿರಲಿಲ್ಲ. ಓಡಿಸಲೂ ಇಲ್ಲ. ಪಕ್ಕದ ಖಾಲಿ ಸೀಟಿನ ಬೆಲ್ಟನ್ನು ಎಳೆದು ಟಕ್ಕೆಂದು ಹಾಕಿದರು. ಸ್ವಲ್ಪ ಹೊತ್ತಿಗೆ ಇಂಜಿನ್ ಆಫ್ ಮಾಡಿದರು.

"ಈ ಭಾನುವಾರ ಹೋಗೇ ಬಿಡೋಣ ಗಂಗಾ," ಎಂದರು ಮೆಲ್ಲಗೆ.

ಗಂಗಾಂಬಿಕೆ ಅಂದರೆ ಸುಮನಾಳ ಅಜ್ಜಿ. ಅವರ ತವರು ಕುಣಿಗಲ್. "ಕೆರೆ ತುಂಬಿದೆಯಂತೆ, ಒಂದ್ಸಲ ಕರ್ಕೊಂಡ್ ಹೋಗ್ರೀ," ಎಂದು ಅಜ್ಜಿ ಕೇಳುತ್ತಲೇ ಇದ್ದರು. "ಮುಂದಿನ ಭಾನುವಾರ," ಎಂದು ತಾತ ಹೇಳುತ್ತಲೇ ಇದ್ದರು. ಸಂಕ್ರಾಂತಿ ಕಳೆದ ಮೇಲೆ ಅಜ್ಜಿ ತೀರಿಕೊಂಡರು.

ಶನಿವಾರ ಅಪ್ಪ ಕಾರಿನ ಬಾನೆಟ್ ಎತ್ತಿದ. ಇಂಜಿನ್ ಆಯಿಲ್ ಹಾಕುವ ಮುಚ್ಚಳ ತಿರುಗಿಸಿದವನೇ, "ಅಯ್ಯೋ!" ಎಂದ. ಮುಚ್ಚಳದ ಒಳಗೆ ಕಾಫಿ ಬಣ್ಣದ ಕೆನೆ ಮೆತ್ತಿಕೊಂಡಿತ್ತು.

"ಆಯಿಲ್‌ಗೆ ಕೂಲೆಂಟ್ ಸೇರ್ಕೊಂಡಿದೆ ಅಪ್ಪಾಜಿ. ಗುಜರಿಗೆ ಕೊಟ್ಬಿಡೋಣ."

"ಕೂಲೆಂಟ್ ಅಂದ್ರೇನಪ್ಪಾ?" ಸುಮನಾ ಕೇಳಿದಳು.

"ಇಂಜಿನ್ ತಣ್ಣಗಿರ್ಲಿ ಅಂತ ಅದರೊಳಗೆ ಹರಿಯೋ ಬಣ್ಣದ ನೀರು ಕಣೇ. ಅದು ಆಯಿಲ್‌ಗೆ ಇಳಿದ್ರೆ ಇಂಜಿನ್ ಕತೆ ಮುಗೀತು."

ತಾತನ ಕೈಯಲ್ಲಿದ್ದ ಟೀ ಹಾಗೇ ಆರಿತು.

ಮೂಲೆಯ ಗ್ಯಾರೇಜಿನ ರಂಗರಾಜು ಬಂದ. "ಗುಜರಿ ಅಂತ ಜೋರಾಗಿ ಅನ್ಬೇಡಿ ಸಾ, ಗಾಡಿಗೆ ಕೇಳಿಸ್ತದೆ!" ಎನ್ನುತ್ತ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ನೋಡಿದ. ಅದರಲ್ಲಿ ಕೆನೆ ಇರಲಿಲ್ಲ. ಆಮೇಲೆ ಕೂಲೆಂಟ್ ಡಬ್ಬಿಗೆ ಟಾರ್ಚ್ ಬಿಟ್ಟ.

"ದೀಪಾವಳೀಲಿ ನಾನೇ ತುಂಬ್ಸಿದ್ದು. ಅದೇ ಗೆರೇಲಿದೆ. ಲೀಕ್ ಆಗಿದ್ರೆ ಇಳೀಬೇಕಿತ್ತಲ್ಲ?" ತಲೆ ಕೆರೆದುಕೊಂಡ. "ದಿನಾ ಐದ್ ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ತೀರಾ ಸಾ?"

"ಇಲ್ಲಪ್ಪ. ನಮ್ಮಮ್ಮ ತೀರ್ಕೊಂಡ್ಮೇಲೆ ಯಾರೂ ಕೀ ಮುಟ್ಟಿಲ್ಲ," ಎಂದ ಅಪ್ಪ.

"ಹಂಗಾದ್ರೆ ಇಂಜಿನ್ ಬಿಚ್ಚೇ ನೋಡ್ಬೇಕಾಯ್ತದೆ."

"ಬಿಚ್ಚೋದೂ ಬೇಡ, ಏನೂ ಬೇಡ. ಗುಜರಿಯವನಿಗೆ ಫೋನ್ ಮಾಡ್ತೀನಿ." ಅಪ್ಪ ಮೊಬೈಲ್ ತೆಗೆದ.

ಸುಮನಾ ತಾತನತ್ತ ನೋಡಿದಳು. ತಾತ ತಮ್ಮ ಚಪ್ಪಲಿ ನೋಡುತ್ತಿದ್ದರು. ಹೇಳಿ ತಾತ, ಹೇಳಿ, ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಅಪ್ಪ ಮೊಬೈಲನ್ನು ಕಿವಿಗಿಟ್ಟುಕೊಂಡ.

"ರಾತ್ರಿ ಹೊತ್ತು ಸ್ಟಾರ್ಟ್ ಆಗುತ್ತೆ!" ಎಂದುಬಿಟ್ಟಳು ಸುಮನಾ.

ಅಪ್ಪ ಫೋನ್ ಇಳಿಸಿದ. ತಾತನ ಕಿವಿ ಕೆಂಪಾಯಿತು. "ಬ್ಯಾಟರಿ... ಬ್ಯಾಟರಿ ಇಳೀಬಾರ್ದು ಅಂತ..." ಎಂದು ತೊದಲಿದರು. ಹೋಂವರ್ಕ್ ಮಾಡದೆ ಸಿಕ್ಕಿಬಿದ್ದ ಹುಡುಗನ ಹಾಗಿತ್ತು ಅವರ ಮುಖ. ಆಡಿದ ಮಾತನ್ನು ನುಂಗಿಬಿಡುವಂತಿದ್ದರೆ ಎಂದು ಸುಮನಾಗೆ ಅನ್ನಿಸಿತು.

ರಂಗರಾಜು ನಕ್ಕ. "ಅದೇ ಮತ್ತೆ! ಇಡ್ಲಿ ಪಾತ್ರೆ ಮುಚ್ಚಳದಲ್ಲಿ ನೀರು ಕೂರಲ್ವಾ, ಹಂಗೆ. ಆ ನೀರು ಆಯಿಲ್ ಜೊತೆ ಬೆರೆತು ಕೆನೆ ಆಗ್ತದೆ. ಇಂಜಿನ್ ಚೆನ್ನಾಗಿ ಕಾದ್ರೆ ಅದು ಆವಿ ಆಗ್ತದೆ. ಐದ್ ನಿಮಿಷಕ್ಕೆ ಎಲ್ಲಿ ಕಾಯ್ತದೆ? ಗಾಡಿ ಉಳಿಸೋಕೆ ಹೋಗಿ ಕೆಡಿಸ್ತಿದ್ರಿ ಯಜಮಾನ್ರೇ! ಆಯಿಲ್ ಬದಲಾಯ್ಸಿ ಮುಚ್ಚಳ ಒರೆಸ್ಕೊಡ್ತೀನಿ. ಹೈವೇಲಿ ಒಂದು ಲಾಂಗ್ ರೌಂಡ್ ಹೊಡ್ಕೊಂಡ್ ಬನ್ನಿ. ಮತ್ತೆ ಕೆನೆ ಬರ್ದಿದ್ರೆ ಲೀಕ್ ಇಲ್ಲ ಅಂತ್ಲೇ."

"ಕುಣಿಗಲ್‌ಗೆ ಹೋಗೋಣ," ಎಂದಳು ಸುಮನಾ.

ತಾತ ತಟ್ಟನೆ ತಲೆ ಎತ್ತಿ ಅವಳನ್ನೇ ನೋಡಿದರು.

"ಕಣ್ಣು ಕಾಣ್ದಿದ್ರೂ ಕಳ್ಳಾಟ ನೋಡು!" ಎಂದು ಅಪ್ಪ ಗೋಡೆಯ ಮೊಳೆಯಲ್ಲಿದ್ದ ಕೀ ತೆಗೆದು ಬೀರುವಿನಲ್ಲಿಟ್ಟ. ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು.

ಆ ರಾತ್ರಿ ಸುಮನಾ ಬಹಳ ಹೊತ್ತು ಎಚ್ಚರವಿದ್ದಳು. ಸದ್ದು ಬರಲಿಲ್ಲ. ತಾತನ ಕೋಣೆಯಿಂದ ಕೆಮ್ಮು ಮಾತ್ರ ಕೇಳುತ್ತಿತ್ತು. ಕಾರು ಉಳಿಯಿತು. ಆದರೆ ತಾತ ಇನ್ನು ಅದರಲ್ಲಿ ಒಬ್ಬರೇ ಕೂರುವಂತಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಹಾರ್ನ್ ಒತ್ತಿದ. "ಬಾರೇ! ಮುಂದಿನ ಸೀಟಿಗೆ ಯಾವಾಗ್ಲೂ ಜಗಳ ಆಡ್ತಿದ್ಯಲ್ಲ?"

ಸುಮನಾ ಹಿಂದಿನ ಬಾಗಿಲು ತೆಗೆದು ತಾತನ ಪಕ್ಕ ಕೂತಳು.

"ಇಬ್ಬರೂ ಹಿಂದೆ ಕೂತ್ರೆ? ನಾನೇನು ನಿಮ್ಮ ಡ್ರೈವರಾ? ಯಾಕೇ, ಮುಂದೆ ಯಾರಿದ್ದಾರೆ?"

ತಾತ ಕಿಟಕಿಯ ಕಡೆ ಮುಖ ತಿರುಗಿಸಿದರು.

"ಹಿಂದೆ ಗಾಳಿ ಚೆನ್ನಾಗಿ ಬರುತ್ತೆ ಅಪ್ಪಾ," ಎಂದಳು ಸುಮನಾ.

ಕಾರು ಹೊರಟಿತು. ಮುಂದಿನ ಸೀಟಿನ ಬೆಲ್ಟ್ ಸುಮ್ಮನೆ ತೂಗುತ್ತಿತ್ತು. ಆ ಟಕ್ಕೆಂಬ ಸದ್ದನ್ನು, ಆಮೇಲೆ ಕೇಳಿದ ಮಾತನ್ನು ಅಮ್ಮನಿಗೂ ಹೇಳಬಾರದು, ಯಾರಿಗೂ ಹೇಳಬಾರದು ಎಂದುಕೊಂಡು ಅವಳು ತಾತನ ಕೈ ಹಿಡಿದಳು.