ನಾನೂರ ಆರನೇ ಸಾಲು

"ಆ ಪುಸ್ತಕದ ಜಾಗ ಅದಲ್ಲ ಸರ್."

ಅವನು ಬೆಚ್ಚಿಬಿದ್ದ. ಕೈ ಇನ್ನೂ ಅಟ್ಲಾಸ್‌ಗಳ ಹಿಂದೆಯೇ ಇತ್ತು.

ಸಿಕ್ಕಿಬಿದ್ದವನು ವಿದ್ಯಾರ್ಥಿಯಾಗಿದ್ದರೆ ನಮ್ಮ ಗ್ರಂಥಪಾಲಕಿಗೆ ಆಶ್ಚರ್ಯವೇನೂ ಆಗುತ್ತಿರಲಿಲ್ಲ. ಆದರೆ ಇವನು ಆ ಕಾಲೇಜಿಗೆ ಹೊಸದಾಗಿ ಬಂದ ಮೇಷ್ಟ್ರು. ಅದೂ ಯಾವ ವಿಷಯಕ್ಕೆ ಅಂತೀರಿ? ಗ್ರಂಥಾಲಯ ವಿಜ್ಞಾನಕ್ಕೆ! ಬೆಳಗ್ಗೆ ಪುಸ್ತಕಗಳನ್ನು ಅದರದರ ಜಾಗದಲ್ಲೇ ಇಡಬೇಕೆಂದು ಪಾಠ ಮಾಡಿ, ಮಧ್ಯಾಹ್ನ ಬಂದು ಅಟ್ಲಾಸ್ ಹಿಂದೆ ಬಚ್ಚಿಡುತ್ತಿದ್ದ ಮಹಾನುಭಾವ.

"ನನ್ನ ಕಾರ್ಡ್ ಇನ್ನೂ ಆಗಿಲ್ಲ ಮೇಡಂ. ಇರೋದು ಒಂದೇ ಪ್ರತಿ... ನಾಳೆ ಬರೋಷ್ಟರಲ್ಲಿ ಬೇರೆಯವರು ತಗೊಂಡು ಹೋಗ್ಬಿಟ್ರೆ ಅಂತ..."

ಅವಳು ಬೈಯಲಿಲ್ಲ. ಜೇಬಿನಿಂದ ಪುಟ್ಟ ಚೀಟಿ ಪುಸ್ತಕ ತೆಗೆದು ಏನನ್ನೋ ಬರೆದುಕೊಂಡಳು. ದಂಡವೇ ಎಂದು ಅವನು ಕೇಳಿದ. ದಂಡವೇನಿಲ್ಲ, ಸುಮ್ಮನೆ ಬರೆದುಕೊಂಡೆ ಎಂದಳು. ಅವನ ಎರಡೂ ಕಿವಿಗಳು ಕೆಂಪಗಾದವು.

'ಇಷ್ಟು ದೊಡ್ಡವರೂ ಹೀಗೆ ನಾಚಿಕೊಳ್ತಾರಾ?' ಅವಳಿಗೆ ನಗು ತಡೆಯಲಾಗಲಿಲ್ಲ. ಚೀಟಿಯಲ್ಲಿ ಪುಸ್ತಕದ ಹೆಸರು, ಸಿಕ್ಕ ಜಾಗ, ಇಟ್ಟವರು ಯಾರು ಎಂದೆಲ್ಲ ಬರೆದ ಮೇಲೆ ಕೊನೆಯಲ್ಲಿ ಷರಾ ಬರೆಯಲು ಒಂದು ಖಾಲಿ ಜಾಗವಿತ್ತು. ಅಲ್ಲಿ ಎರಡೇ ಪದ ಬರೆದು ಚೀಟಿಯನ್ನು ಡಬ್ಬಿಗೆ ಹಾಕಿದಳು.

ಆ ಡಬ್ಬಿಯೇ ಅವಳ ಗುಟ್ಟು.

ಏಳು ವರ್ಷಗಳಿಂದ ಅವಳದು ತಾತ್ಕಾಲಿಕ ಕೆಲಸ. ಈಗ ಕಾಯಂ ಹುದ್ದೆಗೆ ಅರ್ಜಿ ಕರೆದಿದ್ದರು. ಅರ್ಜಿಯ ಜೊತೆ ಒಂದಾದರೂ ಸಂಶೋಧನಾ ಪ್ರಬಂಧ ಪ್ರಕಟಣೆಗೆ ಸ್ವೀಕೃತವಾಗಿರುವ ಪತ್ರ ಬೇಕು. ಇಲ್ಲದಿದ್ದರೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ, ಬೇರೆ ಯಾರಾದರೂ ಬಂದು ಅವಳ ಕುರ್ಚಿಯಲ್ಲಿ ಕೂರುತ್ತಾರೆ. ಮೂರು ವರ್ಷಗಳಿಂದ, ಓದುಗರು ತಪ್ಪು ಕಪಾಟಿನಲ್ಲಿ ಬಚ್ಚಿಟ್ಟ ಪ್ರತಿ ಪುಸ್ತಕಕ್ಕೂ ಅವಳು ಒಂದು ಚೀಟಿ ಬರೆಯುತ್ತಿದ್ದಳು. ಪುಸ್ತಕ ಹುಡುಕಿ ಕೊಡುತ್ತಿದ್ದವರು ಲೈಬ್ರರಿಯ ಹಳೆಯ ಸಹಾಯಕರು. ದಿನವಿಡೀ ಏಣಿಯ ಮೇಲೇ ಇರುತ್ತಿದ್ದ ಅವರನ್ನು ಎಲ್ಲರೂ ಏಣಿ ಅಣ್ಣ ಎನ್ನುತ್ತಿದ್ದರು.

ಚೀಟಿಗಳನ್ನೆಲ್ಲ ಲೆಕ್ಕ ಹಾಕಿ ಅವಳು ಪ್ರಬಂಧ ಬರೆದಳು. ಗ್ರಂಥಪಾಲಕರೆಲ್ಲ ಕಣ್ಣಿಗೊತ್ತಿಕೊಳ್ಳುವಂಥ ಜರ್ನಲ್ಲಿಗೆ ಕಳಿಸಿದಳು. ಅಲ್ಲಿ ಬರೆದವರ ಹೆಸರು ಅಳಿಸಿ ಒಬ್ಬ ತಜ್ಞರಿಗೆ ಪರಿಶೀಲನೆಗೆ ಕೊಡುತ್ತಾರೆ. ಬರೆದವರು ಯಾರೆಂದು ತಜ್ಞರಿಗೆ ತಿಳಿಯಬಾರದು, ತಜ್ಞರು ಯಾರೆಂದು ಬರೆದವರಿಗೆ ತಿಳಿಯಬಾರದು.

ಇತ್ತ ಮೇಷ್ಟ್ರು ದಿನಾ ನಾಲ್ಕು ಗಂಟೆಗೆ ಕಿಟಕಿ ಪಕ್ಕದ ಮೇಜಿಗೆ ಬರತೊಡಗಿದ. ಯಾರು ಏನೇ ಹೇಳಲಿ, ಅದು ಎಲ್ಲಿ ಬರೆದಿದೆ ಎಂದು ಕೇಳುವುದು ಅವನ ಚಾಳಿ. ಏಣಿ ಅಣ್ಣ ಅವನಿಗೆ 'ಅಡಿಟಿಪ್ಪಣಿ' ಎಂದು ಹೆಸರಿಟ್ಟರು. ಪುಸ್ತಕಗಳ ಹರಿದ ಹಾಳೆ ಅಂಟಿಸುವ ಹಿಂದಿನ ಕೋಣೆಯಲ್ಲಿ ಮೂವರ ಚಹಾ ನಡೆಯಿತು. ಒಂದು ತಿಂಗಳಲ್ಲಿ ಏಣಿ ಅಣ್ಣನಿಗೆ ಆ ಹೊತ್ತಿಗೇ ಸರಿಯಾಗಿ ಏಣಿಯ ಕೆಲಸ ನೆನಪಾಗತೊಡಗಿತು, ಚಹಾ ಇಬ್ಬರಿಗೇ ಉಳಿಯಿತು. ಅವಳಿಗೆ ಮೂರೂವರೆಯಿಂದಲೇ ಗಡಿಯಾರ ನೋಡುವ ಹುಚ್ಚು ಹತ್ತಿತು.

ಪ್ರಬಂಧದ ವಿಷಯ ಮಾತ್ರ ಅವನಿಗೆ ಹೇಳಿರಲಿಲ್ಲ. 'ಅಚ್ಚಾಗಲಿ, ಆಮೇಲೆ ಕೈಗೇ ಕೊಟ್ಟರಾಯ್ತು...'

ನಾಲ್ಕು ತಿಂಗಳಿಗೆ ಜರ್ನಲ್‌ನಿಂದ ಇಮೇಲ್‌ನಲ್ಲಿ ಉತ್ತರ ಬಂತು. ಮೂರು ಪುಟ.

"ನಾನೂರ ಹನ್ನೆರಡು ಪುಸ್ತಕಗಳನ್ನು ಬಚ್ಚಿಟ್ಟಿದ್ದಾರೆ ಎಂದು ಲೇಖಕರು ಹೇಳುತ್ತಾರೆ. ಅವರು ಎಣಿಸಿರುವುದು ಪುಸ್ತಕಗಳನ್ನೋ ಚೀಟಿಗಳನ್ನೋ? ಒಂದೇ ಪುಸ್ತಕ ಎಷ್ಟು ಸಲ ಸಿಕ್ಕಿದೆ? ಇನ್ನೊಮ್ಮೆ ಎಣಿಸಿ. ಪೂರ್ತಿ ಪಟ್ಟಿಯನ್ನು ಲಗತ್ತಿಸಿ. ಅಲ್ಲಿಯವರೆಗೆ ಓದುಗರನ್ನು ಕಳ್ಳರೆನ್ನುವುದು ನ್ಯಾಯವಲ್ಲ. ಈಗಿರುವಂತೆ ಇದು ಪ್ರಕಟಣೆಗೆ ಯೋಗ್ಯವಲ್ಲ."

ಅವಳ ಕಣ್ಣು ಮಂಜಾಯಿತು. ಆದರೂ ಕೈ ಸುಮ್ಮನಿರಲಿಲ್ಲ. ಯಾವ ಬರಹ ಕಂಡರೂ ಬರೆದವರು ಯಾರು ಎಂದು ನೋಡುವುದು ಗ್ರಂಥಪಾಲಕರಿಗೆ ಅಂಟಿದ ರೋಗ. ಯಾರು, ಯಾವಾಗ ಬರೆದದ್ದೆಂದು ಕಂಪ್ಯೂಟರು ತಾನೇ ದಾಖಲಿಸಿಕೊಳ್ಳುವ ಆ ಕಡತದ ವಿವರಗಳನ್ನು ತೆರೆದಳು. ಜರ್ನಲ್ಲಿನವರು ಪುಟಗಳಿಂದ ಹೆಸರು ಅಳಿಸಿದ್ದರು, ಕಡತದ ವಿವರಗಳಿಂದ ಅಳಿಸಲು ಮರೆತಿದ್ದರು.

ಅಲ್ಲಿ ಅವನ ಹೆಸರಿತ್ತು. ಇನಿಷಿಯಲ್ ಸಮೇತ.

'ಅಂದರೆ... ನನ್ನ ಎದುರಿಗೇ ಕೂತು ಚಹಾ ಕುಡಿದು, ಆ ಕಡೆ ಹೋಗಿ ಇದನ್ನು ಬರೆದರಾ? ಒಂದು ಮಾತು ಹೇಳಬಾರದಿತ್ತಾ?'

ಮರುದಿನ ನಾಲ್ಕಕ್ಕೆ ಅವನು ಬಂದಾಗ, ಕಿಟಕಿ ಮೇಜು ಇನ್ನು ಮುಂದೆ ವಿದ್ಯಾರ್ಥಿಗಳಿಗೆ ಮಾತ್ರ ಎಂದಳು. ಅವನಿಗೆ ತಲೆಬುಡ ತಿಳಿಯಲಿಲ್ಲ.

"ನನ್ನಿಂದ ಏನಾದ್ರೂ ತಪ್ಪಾಯ್ತಾ ಮೇಡಂ?"

"ತಪ್ಪು ಹುಡುಕೋದು ನಿಮ್ಮ ಕೆಲಸ ಅಲ್ವಾ ಸರ್. ನೀವೇ ಹುಡುಕ್ಕೊಳ್ಳಿ."

ಅವನು ಹೋದ. ಕುರ್ಚಿ ಹನ್ನೊಂದು ದಿನ ಖಾಲಿಯಾಗಿತ್ತು. ಎಣಿಸಿದ್ದು ನಾನಲ್ಲ, ಅವಳೇ.

ಹನ್ನೆರಡನೇ ದಿನ, ಅವಳ ಬಾಯಿಂದ ಎಲ್ಲವನ್ನೂ ಕೇಳಿದ್ದ ಏಣಿ ಅಣ್ಣ ಡಬ್ಬಿಯನ್ನು ತಂದು ಅವಳ ಮುಂದೆ ಕುಕ್ಕಿದರು. "ಸಿಟ್ಟು ಆಮೇಲೆ ಮಾಡ್ಕೊಳ್ಳಮ್ಮ. ಅರ್ಜಿಗೆ ಇನ್ನೊಂದೂವರೆ ತಿಂಗಳಿದೆ. ಆ ಪುಣ್ಯಾತ್ಮ ಹೇಳಿದ್ದು ಸರಿಯೋ ತಪ್ಪೋ, ಎಣಿಸಿದ್ರೆ ಗೊತ್ತಾಗುತ್ತೆ."

ಹಿಂದಿನ ಕೋಣೆಯ ನೆಲದ ಮೇಲೆ ಇಬ್ಬರೂ ಚೀಟಿಗಳನ್ನು ಹರಡಿ ಕೂತರು. ಒಂದೊಂದು ಪುಸ್ತಕಕ್ಕೆ ಒಂದೊಂದು ಗುಡ್ಡೆ. ಚೀಟಿಗಳು ನಾನೂರ ಹನ್ನೆರಡು, ನಿಜ. ಗುಡ್ಡೆಗಳು ಅರವತ್ತಮೂರು!

ಬಚ್ಚಿಟ್ಟಿದ್ದು ಅರವತ್ತಮೂರೇ ಪುಸ್ತಕ, ಮತ್ತೆ ಮತ್ತೆ. ಏಣಿ ಅಣ್ಣ ದಾಖಲೆ ಪುಸ್ತಕ ತಂದು ಒಂದೊಂದನ್ನೂ ನೋಡುತ್ತ ಹೋದರು. ಆ ಅರವತ್ತಮೂರರಲ್ಲಿ ಯಾವುದಕ್ಕೂ ಎರಡನೇ ಪ್ರತಿ ಇರಲಿಲ್ಲ. ಎರಡು ಪ್ರತಿ ಇದ್ದ ಪುಸ್ತಕವನ್ನು ಯಾರೂ ಒಂದು ಸಲವೂ ಬಚ್ಚಿಟ್ಟಿರಲಿಲ್ಲ.

ಓದುಗರು ಕಳ್ಳರಲ್ಲ. ಇರುವ ಒಂದೂ ಕೈತಪ್ಪಿ ಹೋದೀತೆಂಬ ಭಯ, ಅಷ್ಟೇ.

'ಇರೋದು ಒಂದೇ ಪ್ರತಿ...' ಅವನು ಮೊದಲ ದಿನವೇ ಹೇಳಿದ್ದನಲ್ಲ! ಹಳೆಯ ಲೆಕ್ಕವೇ ಅಚ್ಚಾಗಿದ್ದರೆ ನಾಲ್ಕು ಜನರ ಮುಂದೆ ತಲೆ ಎತ್ತುವ ಹಾಗಿರಲಿಲ್ಲ. ಅವಳು ಪ್ರಬಂಧವನ್ನು ಮೊದಲಿನಿಂದ ಬರೆದಳು. ಅವನು ಕೇಳಿದ್ದ ಪಟ್ಟಿಯನ್ನು ಚೀಟಿಗಳಲ್ಲಿದ್ದಂತೆಯೇ ಸೇರಿಸಿ ಕಳಿಸಿದಳು. ಸಿಟ್ಟು ಅರ್ಧ ಇಳಿದಿತ್ತು. ಇನ್ನರ್ಧ ಅಲ್ಲೇ ಇತ್ತು... ಗೊತ್ತಿದ್ದೂ ಗೊತ್ತಿಲ್ಲದವನಂತೆ ನಟಿಸಿದನಲ್ಲ ಎಂದು.

ಅರ್ಜಿಗೆ ನಾಲ್ಕು ದಿನ ಉಳಿದಿದ್ದಾಗ ಸಂಪಾದಕಿಯ ಪತ್ರ ಬಂತು. ಪ್ರಬಂಧ ಸ್ವೀಕೃತವಾಗಿದೆ!

ಜೊತೆಗೆ ಇನ್ನೊಂದು ಹಾಳೆಯಿತ್ತು. ಆ ಜರ್ನಲ್ಲಿನ ಪದ್ಧತಿಯೊಂದಿದೆ. ಪರಿಶೀಲಕರು ನಡುವೆ ಹಿಂದೆ ಸರಿದರೆ, ಕಾರಣ ಹೇಳಿದ ಅವರ ಪತ್ರವನ್ನು ಹೆಸರು ತೆಗೆದು ಲೇಖಕರಿಗೂ ಕಳಿಸುತ್ತಾರೆ. ಮೇಲೆ ಸಂಪಾದಕಿ ಬರೆದಿದ್ದರು: "ಎರಡನೇ ಸಲ ನಿಮ್ಮ ಪ್ರಬಂಧವನ್ನು ನೋಡಿದವರು ಬೇರೆಯವರು. ಮೊದಲಿನವರ ಪತ್ರ ಕೆಳಗಿದೆ. ನಿಯಮದಂತೆ ಹೆಸರನ್ನು ತೆಗೆದಿದ್ದೇನೆ. ಮಿಕ್ಕಿದ್ದನ್ನು ತೆಗೆಯಲು ಮನಸ್ಸಾಗಲಿಲ್ಲ."

ಅವಳು ನಿಂತೇ ಓದಿದಳು.

"ಮೊದಲ ಸಲ ಪರಿಶೀಲಿಸಿದಾಗ ಈ ಪ್ರಬಂಧ ಯಾರದೆಂದು ನನಗೆ ತಿಳಿದಿರಲಿಲ್ಲ. ಈಗ ಬಂದ ಪಟ್ಟಿಯ ನಾನೂರ ಆರನೇ ಸಾಲಿನಿಂದ ತಿಳಿಯಿತು. ಅಟ್ಲಾಸ್ ಹಿಂದೆ ಪುಸ್ತಕ ಬಚ್ಚಿಟ್ಟ ಅಧ್ಯಾಪಕ ನಾನೇ. ಷರಾದಲ್ಲಿ 'ಕಿವಿ ಕೆಂಪಾಯಿತು' ಎಂದಿದೆ, ಅದೂ ನಿಜ. ಹಿಡಿದವರನ್ನು ನಾನು ಪ್ರೀತಿಸುತ್ತೇನೆ. ಅವರಿಗೆ ಹೇಳಿಲ್ಲ. ಇನ್ನು ಈ ಪ್ರಬಂಧವನ್ನು ಪಕ್ಷಪಾತವಿಲ್ಲದೆ ಓದಲು ನನ್ನಿಂದಾಗದು. ದಯವಿಟ್ಟು ಬೇರೆಯವರಿಗೆ ಕಳಿಸಿ."

ಅಯ್ಯೋ... ಷರಾ ಅಳಿಸಲು ಮರೆತೇಹೋಗಿತ್ತು!

ಅವಳು ಅಲ್ಲೇ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ಅತ್ತಳು, ನಡುನಡುವೆ ನಕ್ಕಳು. ಅವನಿಗೆ ಗೊತ್ತೇ ಇರಲಿಲ್ಲ. ಎದುರಿಗೆ ಕೂತವಳ ಪ್ರಬಂಧವದು ಎಂದು ಹೊಳೆಯಲೇ ಇಲ್ಲವೇ ಎಂದು ನೀವು ಕೇಳಬಹುದು. ಪುಸ್ತಕ ಬಚ್ಚಿಡುವುದು ಎಲ್ಲ ಲೈಬ್ರರಿಗಳಲ್ಲೂ ಇದ್ದದ್ದೇ, ಸ್ವಾಮಿ. ಅಡಿಟಿಪ್ಪಣಿ ಓದುವುದರಲ್ಲಿ ಮುಳುಗಿದವನಿಗೆ ಅಷ್ಟೆಲ್ಲ ಹೊಳೆಯುವುದಿಲ್ಲ.

ಅರ್ಜಿ ಅಂದೇ ಹೋಯಿತು. ಕೃತಜ್ಞತೆಯ ಸಾಲುಗಳನ್ನು ಪ್ರಬಂಧ ಸ್ವೀಕೃತವಾದ ಮೇಲೆ ಸೇರಿಸುವುದು ವಾಡಿಕೆ. ಅವನ್ನೂ ಆಗಲೇ ಬರೆದು ಮುದ್ರಿಸಿ, ಮೊದಲು ಏಣಿ ಅಣ್ಣನಿಗೆ ತೋರಿಸಿದಳು. ಅವರು ಕನ್ನಡಕ ಒರೆಸಿ ತಮ್ಮ ಹೆಸರಿನ ಮೇಲೆ ಬೆರಳಿಟ್ಟರು.

"ಮೂವತ್ತು ವರ್ಷ ಬೇರೆಯವರ ಹೆಸರಿರೋ ಪುಸ್ತಕ ಎತ್ತಿಟ್ಟೆ ಕಣಮ್ಮ," ಎಂದರು. ಅವಳ ತಲೆ ಸವರಿದರು. ಆಮೇಲೆ ಬಾಗಿಲ ಕಡೆ ಕೈ ತೋರಿಸಿದರು. "ಇನ್ನೊಬ್ಬರಿಗೂ ತೋರಿಸ್ಬೇಕಲ್ಲ, ಹೋಗು."

ಮೇಷ್ಟ್ರು ತನ್ನ ಕೋಣೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ. ಅವಳು ಹಾಳೆಯನ್ನು ಮುಂದಿಟ್ಟಳು.

"ಇನ್ನೊಮ್ಮೆ ಎಣಿಸಿ ಎಂದು ಹೇಳಿ, ದೊಡ್ಡ ತಪ್ಪೊಂದರಿಂದ ನನ್ನನ್ನು ಕಾಪಾಡಿದ ಅಜ್ಞಾತ ಪರಿಶೀಲಕರಿಗೆ ನಾನು ಋಣಿ. ನಾನೂರ ಆರನೇ ಸಾಲಿನ ಓದುಗರಿಗೂ."

ಅವನು ಎರಡು ಸಲ ಓದಿದ.

"ಅವರಿಬ್ಬರೂ ಒಬ್ಬರೇ ಅಂತ ನಿಮಗೆ..."

"ಗೊತ್ತು. ನಿಮ್ಮ ಪತ್ರವೂ ಬಂತು."

"ಯಾವ ಪತ್ರ... ಅದು ಸಂಪಾದಕರಿಗೆ ಮಾತ್ರ ಬರೆದಿದ್ದು!"

"ಲೇಖಕರಿಗೂ ಕಳಿಸ್ತಾರೆ ಅಂತ ನಿಯಮಾವಳಿ ಕೊನೇ ಪುಟದ ಅಡಿಟಿಪ್ಪಣಿಯಲ್ಲಿದೆ ಸರ್. ಓದಿರ್ಲಿಲ್ವಾ?"

ಜೀವಮಾನದಲ್ಲಿ ಓದದೆ ಬಿಟ್ಟ ಒಂದೇ ಒಂದು ಅಡಿಟಿಪ್ಪಣಿ! ಅವನ ಕಿವಿಗಳು ಕೆಂಪಾದವು. ಮೂರು ಪುಟ ಅಷ್ಟು ಖಾರವಾಗಿ ಬರೆದಿದ್ದಕ್ಕೆ ಅವನು ಕ್ಷಮೆ ಕೇಳಿದ. ಆ ಮೂರು ಪುಟಕ್ಕೆ ಬದುಕಿಡೀ ಕೈ ಮುಗಿದರೂ ಸಾಲದು, ಕ್ಷಮೆ ಕೇಳಬೇಕಾದವಳು ನಾನು ಎಂದು ಅವಳು ಹೇಳಿದಳು.

"ಒಂದು ಕೇಳ್ಲಾ ಸರ್? ಇಷ್ಟು ದಿನ ಇದನ್ನ ಯಾಕೆ ಬಚ್ಚಿಟ್ರಿ?"

"ಕಾರಣ ನಿಮ್ಮ ಪ್ರಬಂಧದಲ್ಲೇ ಇದೆಯಲ್ಲ. ಕೈತಪ್ಪಿ ಹೋಗ್ಬಿಟ್ರೆ ಅನ್ನೋ ಭಯ. ನೀವಿರೋದೂ ಒಂದೇ ಪ್ರತಿ."

ಅವಳು ಹಾಳೆಯ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.

"ಇಲ್ಲಿ ನಿಮ್ಮ ಹೆಸರು ಹಾಕೋ ಹಾಗಿಲ್ಲ, ಅದೊಂದೇ ಬೇಜಾರು," ಎಂದಳು.

"ಪರವಾಗಿಲ್ಲ."

"ನಂಗೆ ಪರವಾ ಇದೆ. ಲಗ್ನಪತ್ರಿಕೆಯಲ್ಲಿ ಹಾಕಿಸ್ತೀನಿ. ನನ್ನ ಹೆಸರಿನ ಪಕ್ಕದಲ್ಲೇ."

ಅವನು ನಂಬಲಾರದೆ ಅವಳನ್ನೇ ನೋಡಿದ.

"ಇನ್ನೊಮ್ಮೆ ಹೇಳ್ತೀರಾ?"

ಅವಳು ಇನ್ನೊಮ್ಮೆ ಹೇಳಿದಳು.