ಎರಡನೇ ಸಲವೂ ಅದೇ ಅಳತೆ

"ಆಫ್ ಮಾಡಿ ಆನ್ ಮಾಡೋಕೆ ಒಬ್ಬ ಮನುಷ್ಯ ಅಷ್ಟು ದೂರದಿಂದ ಬರಬೇಕಾ? ನಮ್ಮನೆ ಬೆಕ್ಕಿಗೆ ಕಲಿಸಿದ್ರೆ ಅದೂ ಮಾಡತ್ತೆ," ಎಂದರು ಅತ್ತೆ, ಕನ್ನಡಕದ ಅಂಗಡಿಯ ಕೌಂಟರಿನಿಂದಲೇ, ಮೆಷಿನ್ ರಿಪೇರಿಗೆ ಯಾವಾಗಲೂ ಬರುವವನಿಗೆ ಚೆನ್ನಾಗಿ ಕೇಳುವ ಹಾಗೆ.

ಅವನು ನಕ್ಕ. ಅವನು ನಕ್ಕರೆ ಮೊದಲು ಬಲಗೆನ್ನೆ ನಗುತ್ತದೆ. ಎಡಗೆನ್ನೆ ಅಪ್ಪಣೆಗೆ ಕಾಯುತ್ತ ನಿಂತಿರುತ್ತದೆ. ನಾನು ಶೋಕೇಸಿನ ಗಾಜಿನಲ್ಲಿ ಕಂಡ ಅವನ ಪ್ರತಿಬಿಂಬಕ್ಕಷ್ಟೇ ನಕ್ಕೆ.

ಅತ್ತೆ ಅಪ್ಪನ ತಂಗಿ, ಅಂಗಡಿ ಅವರದು. ಕಣ್ಣು ಪರೀಕ್ಷಿಸುವ ಒಳಕೋಣೆ ನನ್ನದು. ಬಂದವರು ಮೆಷಿನ್ನಿಗೆ ಗದ್ದ ಊರಿ ಒಳಗಿನ ಪುಟ್ಟ ಚಿತ್ರ ನೋಡುತ್ತಾರೆ, ನಾನು ಈಚೆಯ ಪರದೆಯಲ್ಲಿ ಅವರ ಕಣ್ಣನ್ನು ಅಂಗೈಯಗಲ ನೋಡುತ್ತೇನೆ. ಯಾರ ಮುಖವನ್ನೂ ನೇರ ನೋಡಲಾರದ ನನಗೆ ಹೇಳಿ ಮಾಡಿಸಿದ ಕೆಲಸ. ಬೆಳಿಗ್ಗೆ ಒಬ್ಬ ಅಜ್ಜಿಯ ಎಡಗಣ್ಣಿನ ಮೇಲೆ ಮೆಷಿನ್ ಕಲ್ಲಾಗಿ ನಿಂತುಬಿಟ್ಟಿತ್ತು. ಅಜ್ಜಿ ಎದ್ದು ಮನೆಗೆ ಹೋದ ಮೇಲೂ ಅವರ ಕಣ್ಣು ನನ್ನನ್ನೇ ನೋಡುತ್ತಿತ್ತು.

"ಆಫ್ ಮಾಡಿದ್ರಾ?" ಒಳಗೆ ಬಂದು ಅವನು ಕೇಳಿದ.

"ಮಾಡಿದೆ. ಆನ್ ಮಾಡಿದ್ರೆ ಮತ್ತೆ ಹಾಗೇ."

"ತಕ್ಷಣ ಆನ್ ಮಾಡಿರ್ತೀರಿ." ಅವನು ಪ್ಲಗ್ ಕಿತ್ತ. "ಕಾಯಬೇಕು. ಒಳಗೆ ಇನ್ನೂ ಸ್ವಲ್ಪ ಕರೆಂಟ್ ಉಳಿದಿರತ್ತೆ. ಅದು ಇರೋವರೆಗೂ ಹಳೇದನ್ನೇ ಹಿಡ್ಕೊಂಡಿರತ್ತೆ."

ಕಾದೆವು. ಆ ಕೋಣೆಯಲ್ಲಿ ಇಬ್ಬರು ಸುಮ್ಮನೆ ನಿಂತರೆ ಮೂರನೆಯವರಿಗೆ ಜಾಗವಿಲ್ಲ.

"ಬರೀ ಆಫ್ ಮಾಡಿದ್ರೆ ಹೇಗೆ ಸರಿಹೋಗತ್ತೆ?" ನಾನು ಕೇಳಿದ್ದು ಪ್ಲಗ್ಗನ್ನು.

ಉತ್ತರ ಕೊಟ್ಟವನು ಅವನು. "ಒಳಗೆ ಹತ್ತಾರು ಕೆಲಸ ಒಟ್ಟಿಗೆ ನಡೀತಿರತ್ತೆ. ಇದು ಅದಕ್ಕೆ ಕಾಯತ್ತೆ, ಅದು ಇದಕ್ಕೆ ಕಾಯತ್ತೆ. ಇಬ್ರು ಸಂಕೋಚದವರು ಬಾಗಿಲಲ್ಲಿ ಎದುರಾದ ಹಾಗೆ. 'ನೀವು ಮೊದಲು', 'ಛೆ ಛೆ, ನೀವೇ ಮೊದಲು'. ಇಬ್ರೂ ಅಲ್ಲೇ."

"ತಪ್ಪು ಯಾರದ್ದು?"

"ಯಾರದ್ದೂ ಅಲ್ಲ. ಅದಕ್ಕೇ ಹುಡುಕ್ತಾ ಕೂರಲ್ಲ. ಎಲ್ಲರನ್ನೂ ಮನೆಗೆ ಕಳಿಸಿ, ಒಬ್ಬೊಬ್ಬರನ್ನೇ ಮೊದಲಿಂದ ಕರೆಯೋದು."

"ಆಮೇಲೂ ಅದೇ ಬಂದ್ರೆ?"

"ಹಾಗಾದ್ರೆ ಅದು ನಿಜ," ಎಂದ ಅವನು, ಪ್ಲಗ್ ಹಾಕುತ್ತ.

ಮೆಷಿನ್ನಿಗೆ ಎಚ್ಚರವಾಯಿತು. ಅಜ್ಜಿಯ ಕಣ್ಣು ಹೋಗಿತ್ತು. ಅಳತೆ ಸರಿಯಿದೆಯೇ ನೋಡಲು ಅವನ ಚೀಲದಲ್ಲಿ ಸದಾ ಒಂದು ಪ್ಲಾಸ್ಟಿಕ್ ಕಣ್ಣು ಇರುತ್ತದೆ. ಇಂದು ಚೀಲವೇ ಇರಲಿಲ್ಲ.

"ಸಾಮಾನೆಲ್ಲ ಆಫೀಸಿಗೆ ವಾಪಸ್ ಕೊಟ್ಟೆ. ನಾಳೆಯಿಂದ ಈ ಕಡೆಗೆ ಬೇರೆಯವರು. ನನ್ನನ್ನ ತುಂಬಾ ದೂರ ಹಾಕಿದಾರೆ."

"ಮತ್ತೆ ಇವತ್ತು... ಆಫ್ ಮಾಡಿ ಕಾಯಿರಿ ಅಂತ ಫೋನಲ್ಲೇ ಹೇಳಬಹುದಿತ್ತಲ್ಲ?"

ಅವನು ಕೂತು ಗದ್ದ ಊರಿದ. "ನನ್ನ ಕಣ್ಣೇ ನೋಡಿ."

ಇಷ್ಟು ಕಾಲ ಕಳ್ಳನೋಟದಲ್ಲಿ ಚೂರುಚೂರಾಗಿ ಕೂಡಿಸಿಕೊಂಡಿದ್ದ ಕಣ್ಣು ಪರದೆಯ ತುಂಬ ಬಂದು ನಿಂತಿತು. ರೆಪ್ಪೆಯ ಒಂದೇ ಒಂದು ಕೂದಲು ದಾರಿ ತಪ್ಪಿ ಒಳಕ್ಕೆ ಬಾಗಿತ್ತು.

"ನೇರ ನೋಡಿ," ಎಂದೆ. ನಡುವಿನ ಕಪ್ಪು ಪಾಪೆ ಹಿಗ್ಗಿತು. ಸುಮ್ಮನಾದೆ, ಕುಗ್ಗಿತು. "ಮಿಟುಕಿಸಬೇಡಿ," ಎಂದೆ, ಮತ್ತೆ ಹಿಗ್ಗಿತು. ಬೆಳಕು ಬದಲಾಗಿರಲಿಲ್ಲ.

"ಇನ್ನೂ ಸರಿಯಾಗಿಲ್ಲ. ಪಾಪೆಯ ಅಳತೆ ಏರುಪೇರಾಗ್ತಿದೆ."

"ಯಾವಾಗ?"

"ನಾನು... ಮಾತಾಡಿದಾಗ."

ಅವನ ಕಿವಿ ಕೆಂಪಾಯಿತು. "ಇನ್ನೊಂದ್ಸಲ ಆಫ್ ಮಾಡಿ ನೋಡಿ."

ಪ್ಲಗ್ ಕಿತ್ತೆ. ಈ ಸಲ ಅವಸರ ಮಾಡಲಿಲ್ಲ. ಸತ್ತ ಮೆಷಿನ್ನಿನ ಮೇಲೆ ಅವನು ಗದ್ದ ಊರಿಕೊಂಡೇ ಕೂತಿದ್ದ, ಶಿಕ್ಷೆಗೆ ಕೂರಿಸಿದ ಮಗುವಿನಂತೆ. ಮತ್ತೆ ಆನ್ ಮಾಡಿದೆ.

"ನಾಳೆ ನಿಜವಾಗ್ಲೂ ಹೋಗ್ತೀರಾ?"

ಪಾಪೆ ಕತ್ತಲೆಗೆ ತೆರೆದುಕೊಳ್ಳುವಂತೆ ತೆರೆದುಕೊಂಡಿತು.

"ಎಷ್ಟು ಬಂತು?"

"ಮೊದಲಿನಷ್ಟೇ."

"ಹಾಗಾದ್ರೆ ಮೆಷಿನ್ ಸರಿ ಇದೆ," ಎಂದ ಮೆಲ್ಲಗೆ. "ಬಾಯಿಗೆ ಬೀಗ ಹಾಕ್ಕೊಂಡು ಓಡಾಡಿದೆ. ಈ ಕಣ್ಣಿಗೆ ಎಲ್ಲಿಂದ ಬೀಗ ತರಲಿ ಹೇಳಿ?"

ತೆರೆಯದ ನನ್ನ ಬಾಯಿ ಕೈಗೆ ಸಿಕ್ಕಿದ್ದರೆ ಹಿಡಿದು ಜಾಡಿಸಿಬಿಡುತ್ತಿದ್ದೆ. ಮೆಷಿನ್ ಬಳಸಿ ಹೋಗಿ ಅವನ ಪಕ್ಕ ನಿಂತೆ. ಅವನು ಎದ್ದ. ನಾನು ಕೂತೆ, ಗದ್ದ ಊರಿದೆ.

ಅವನು ಪರದೆಯತ್ತ ಹೋದ.

"ಅಳತೆ ಬರ್ತಿಲ್ಲ. ನೀರು ತುಂಬಿದೆ."

"ಗೊತ್ತು. ಹೋಗಲೇಬೇಕಾ?"

"ಮನೆಯಲ್ಲಿ ದುಡಿಯೋನು ನಾನೊಬ್ಬನೇ. ಯಾವಾಗ ವಾಪಸ್ ಹಾಕ್ತಾರೆ ಅಂತ ಆಫೀಸಿನವರೂ ಹೇಳಿಲ್ಲ. ಕಾಯಿರಿ ಅನ್ನೋಕೆ ನನಗೆ ಬಾಯಿ ಬರಲ್ಲ."

"ಅನ್ನಬೇಡಿ. ಫೋನ್ ಮಾಡಿ."

"ಮಾಡಿದ್ರೆ ಮಾತಾಡ್ತೀರಾ?"

"ಇಲ್ಲ. ನೀವು ಮಾತಾಡಿ."

ಅವನು ನಕ್ಕ ಸದ್ದು ಕೇಳಿಸಿತು. ಆ ಸದ್ದು ನಡುವೆ ಎಲ್ಲೋ ಮುರಿಯಿತು. ಲೆನ್ಸ್ ಒರೆಸುವ ಮೆತ್ತನೆಯ ಬಟ್ಟೆಯೊಂದನ್ನು ತೆಗೆದುಕೊಂಡು ಈಚೆ ಬಂದು ನನ್ನ ಕೈಯಲ್ಲಿಟ್ಟ. ಇಟ್ಟ ಕೈಯನ್ನು ಹಿಂದೆ ತೆಗೆಯಲಿಲ್ಲ.

"ಏನಪ್ಪಾ, ಆಯ್ತಾ?" ಹೊರಗಿನಿಂದ ಅತ್ತೆಯ ದನಿ. "ಇಲ್ಲಿ ಗಿರಾಕಿ ಕಾಯ್ತಿದಾರೆ!"

ನಾನು ಬೆದರಿ ಏಳಹೋದೆ. ಅವನು ಬೆರಳು ಬಿಗಿದ.

"ಇನ್ನೂ ಸ್ವಲ್ಪ ಹೊತ್ತು, ಅತ್ತೆ," ಎಂದ, ಇಷ್ಟು ದಿನ ಮೇಡಂ ಎನ್ನುತ್ತಿದ್ದವನು.

ಹೊರಗೆ ಕುರ್ಚಿ ಎಳೆದದ್ದು ಕೇಳಿಸಿತು, ಅತ್ತೆ ಯಾರಿಗೋ ಹೇಳಿದ್ದೂ: "ಕೂತ್ಕೊಳ್ಳಿ. ಇವತ್ತು ಇಲ್ಲಿ ಯಾರಿಗೂ ಅವಸರ ಇಲ್ಲ."