ಇಸ್ತ್ರಿ ಅಜ್ಜಿಯೂ ಚಿನ್ನದ ನೀರೂ

"ಅಯ್ಯೋ! ಚಿಕ್ಕಮ್ಮಾ, ಬಣ್ಣ ಬದಲಾಯ್ತು!"

ಜೀರುಂಡೆಯ ಕೈಯಲ್ಲಿದ್ದ ಗಾಜಿನ ಟ್ಯೂಬಿನಲ್ಲಿ ಕೆಂಪು ನೀರು ಅವಳ ಕಣ್ಣೆದುರೇ ನೀಲಿಯಾಗಿಬಿಟ್ಟಿತು. ಜೀರುಂಡೆ ಎನ್ನುವುದು ಬಾಯಿಗೆ ಬಿಡುವು ಕೊಡದ ಈ ಹುಡುಗಿಗೆ ಮನೆಯವರು ಇಟ್ಟ ಹೆಸರು. ಈಗ ಆ ಬಾಯಿಯೇ ಒಣಗಿತು.

ಅದು ಚಿಕ್ಕಮ್ಮ ಕೆಲಸ ಮಾಡುವ ಲ್ಯಾಬ್. ನೀರಿನಲ್ಲಿದ್ದದ್ದು ಚಿನ್ನ. ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾದರೆ ಚಿನ್ನವೂ ಕೆಂಪಗೆ ಕಾಣುತ್ತದಂತೆ.

"ಇದನ್ನ ಸುರಿಯೋ ಮುಂಚೆ ಟ್ಯೂಬ್ ತೊಳೆದ್ಯಾ?" ಚಿಕ್ಕಮ್ಮ ಕೇಳಿದಳು.

"ಧೂಳಿತ್ತು. ನಲ್ಲೀಲಿ ತೊಳೆದೆ. ತಳದಲ್ಲಿ ಸ್ವಲ್ಪ ನೀರು ಉಳಿದಿತ್ತೇನೋ."

"ಅಲ್ಲೇ ಎಡವಿದ್ದು ನೋಡು. ನಲ್ಲಿ ನೀರಲ್ಲಿ ಉಪ್ಪಿನಂಶ ಇರುತ್ತೆ. ಅದು ಸೇರಿದ್ರೆ ಚೂರುಗಳೆಲ್ಲ ಒಂದಕ್ಕೊಂದು ಅಂಟಿಕೊಳ್ತವೆ. ಹೊಸದರಲ್ಲಿ ನಾನೂ ಹೀಗೇ ಮಾಡಿ ಬೈಸ್ಕೊಂಡಿದ್ದೆ."

"ಬೇರೆ ಇದ್ಯಾ?"

"ಇದ್ದದ್ದೇ ಅಷ್ಟು."

ಜೀರುಂಡೆ ಮೆಲ್ಲಗೆ ಅಜ್ಜಿಯತ್ತ ನೋಡಿದಳು. ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಕತ್ತಿನ ಗಂಟನ್ನು ಸವರಿಕೊಳ್ಳುತ್ತಿದ್ದಳು. ಅದು ಕ್ಯಾನ್ಸರ್ ಗಂಟು. ಅದರೊಳಗೆ ಚಿನ್ನದ ಚೂರು ಸೇರಿಸಿ, ಹೊರಗಿನಿಂದ ಬೆಳಕು ಬಿಟ್ಟು, ಚೂರುಗಳು ಕಾದ ಬಿಸಿಯಲ್ಲೇ ಗಂಟನ್ನು ಸಾಯಿಸುವ ಹೊಸ ಚಿಕಿತ್ಸೆಯನ್ನು ಆಸ್ಪತ್ರೆಯ ಡಾಕ್ಟರಮ್ಮ ಪರೀಕ್ಷೆ ಮಾಡಿ ನೋಡುತ್ತಿದ್ದರು. ಈ ಚಿಕಿತ್ಸೆಗೆ ಬರುತ್ತೀರಾ ಎಂದು ಅಜ್ಜಿಯನ್ನೂ ಕೇಳಿದ್ದರು.

ಅಜ್ಜಿ ಸುತರಾಂ ಒಪ್ಪಿರಲಿಲ್ಲ. ಬದುಕಿಡೀ ಇಸ್ತ್ರಿ ಅಂಗಡಿ ನಡೆಸಿದವಳು ಅವಳು. "ಬಿಸಿ ಅಂದ್ರೇನು ಅಂತ ನಂಗೆ ಹೇಳಿಕೊಡ್ತೀರಾ? ಮೈಮರೆತು ಇಸ್ತ್ರಿ ಪೆಟ್ಟಿಗೆ ಇಟ್ರೆ ಸುಕ್ಕು ಮಾತ್ರ ಸುಡುತ್ತಾ? ಅಂಗೀನೇ ಹೋಗುತ್ತೆ" ಎನ್ನುತ್ತಿದ್ದಳು.

ಹಾಗಲ್ಲ ಎಂದು ತೋರಿಸಲಿಕ್ಕೇ ಅವಳನ್ನು ಇಲ್ಲಿಗೆ ಕರೆತಂದದ್ದು. ನಾಳೆ ಡಾಕ್ಟರಮ್ಮನಿಗೆ ಕಡೆಯ ಉತ್ತರ ಹೇಳಬೇಕಿತ್ತು.

"ಆಯ್ತಲ್ಲ ನಿಮ್ಮ ಆಟ? ನಡೀರಿ ಮನೆಗೆ." ಅಜ್ಜಿ ಎದ್ದೇಬಿಟ್ಟಳು.

"ಕೂತ್ಕೊಳ್ಳಮ್ಮ," ಎಂದಳು ಚಿಕ್ಕಮ್ಮ. "ನೀಲಿಯಾದ್ರೇನಂತೆ? ಕೆಂಪು ನೀರು ಹಸಿರು ಬೆಳಕನ್ನ ಹೀರುತ್ತೆ ಅಂತ ಅದನ್ನ ಇಟ್ಟಿದ್ದೆ. ನೀಲಿ ಹೀರೋದು ಕೆಂಪು ಬೆಳಕನ್ನ, ಅದನ್ನೇ ಬಿಡೋಣ. ಮೈಯೊಳಗೆ ಆಳಕ್ಕೆ ಇಳಿಯೋದೂ ಅದೇ. ನಿಂಗೆ ಕೊಡೋ ಚೂರುಗಳೇ ಬೇರೆ, ಅವು ಹೀಗೆ ಅಂಟಲ್ಲ."

ಅವಳು ಬರೀ ನೀರಿನ ಟ್ಯೂಬನ್ನು ಮುಂದಿಟ್ಟು, ನೀಲಿಯನ್ನು ಅದರ ಹಿಂದಿಟ್ಟಳು. ಮೂವರೂ ದಪ್ಪ ಕನ್ನಡಕ ಹಾಕಿಕೊಂಡರು.

"ಅಜ್ಜಿ, ಪೈಲಟ್ ಥರ ಕಾಣ್ತೀಯ!"

"ಸುಮ್ನಿರೇ, ಮೂಗಿಂದ ಜಾರ್ತಿದೆ."

ಕೆಂಪು ಬೆಳಕು ದಾರದ ಹಾಗೆ ಹೊರಟು, ನೀರನ್ನು ದಾಟಿ, ನೀಲಿಗೆ ಹೋಗಿ ನಿಂತಿತು. ಜೀರುಂಡೆ ಉಗುರು ಕಚ್ಚುತ್ತಾ ಕಾದಳು. ಸ್ವಲ್ಪ ಹೊತ್ತಾದ ಮೇಲೆ ಚಿಕ್ಕಮ್ಮ ಬೆಳಕು ಆರಿಸಿದಳು.

"ಮುಟ್ಟಿ ನೋಡಮ್ಮ."

ಅಜ್ಜಿ ಬಟ್ಟೆ ನೋಡುವ ಹಾಗೆ ಬೆರಳಿನ ಹಿಂಬದಿಯಿಂದ ಮುಂದಿನ ಟ್ಯೂಬ್ ಮುಟ್ಟಿದಳು. "ತಣ್ಣಗಿದೆ."

ನೀಲಿಯನ್ನು ಮುಟ್ಟಿದಳು. "ಹಾ!" ಎಂದು ಕೈ ಹಿಂದೆಳೆದುಕೊಂಡಳು. ಮತ್ತೆ ನೀರು ಮುಟ್ಟಿದಳು, ಮತ್ತೆ ನೀಲಿ.

"ಬೆಳಕು ಇದನ್ನ ದಾಟೇ ತಾನೇ ಅಲ್ಲಿಗೆ ಹೋಗಿದ್ದು?"

"ಹೂಂ ಅಜ್ಜಿ."

"ಮತ್ತೆ ಇದು ಬೆಚ್ಚಗೂ ಆಗಿಲ್ವಲ್ಲೇ!"

"ಅದರಲ್ಲಿ ಚಿನ್ನ ಇಲ್ವಲ್ಲ!" ಜೀರುಂಡೆಗೆ ಬಾಯಿ ಬಂತು.

ಅಜ್ಜಿ ಎರಡೂ ಟ್ಯೂಬುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕನ್ನಡಕ ತೆಗೆದಳು.

"ಸುಕ್ಕು ಎಲ್ಲಿದೆ ಅಂತ ಗೊತ್ತಿರೋ ಇಸ್ತ್ರಿ ಪೆಟ್ಟಿಗೆ! ನಾನು ಅಂಗಡಿ ಮುಚ್ಚಿದ ಮೇಲೆ ಬಂತಲ್ಲಪ್ಪ ಇದು. ನಾಳೆ ಹೋಗೋಣ, ನಡೀರಿ."

ಚಿಕಿತ್ಸೆಯೆಲ್ಲ ಮುಗಿದ ಮೇಲೆ ಒಂದು ಬೆಳಗ್ಗೆ ಡಾಕ್ಟರಮ್ಮ ಅಜ್ಜಿಯ ಕತ್ತನ್ನು ಒತ್ತಿ ಒತ್ತಿ ನೋಡಿದರು. ಸ್ಕ್ಯಾನ್ ನೋಡಿದರು. ಮತ್ತೆ ಒತ್ತಿದರು.

"ಅಜ್ಜಿ, ಗಂಟೇ ಸಿಗ್ತಾ ಇಲ್ವಲ್ರೀ!"

"ಕಳೆದವರು ನೀವು, ನೀವೇ ಹುಡುಕಿ. ನನ್ನ ಕೇಳಿದ್ರೆ?"

ಡಾಕ್ಟರಮ್ಮ ಬಿದ್ದು ಬಿದ್ದು ನಕ್ಕರು. ಚಿಕ್ಕಮ್ಮ ನಗುತ್ತಲೇ ಕಣ್ಣೊರೆಸಿಕೊಂಡಳು. "ಗೆದ್ದೆವು!" ಎಂದು ಕಿರುಚಿ ಚಪ್ಪಾಳೆ ತಟ್ಟಲು ಹೋದ ಜೀರುಂಡೆಗೆ ಕೈ ಎತ್ತಲು ಆಗಲಿಲ್ಲ. ಅಜ್ಜಿ ಅದನ್ನು ಗಟ್ಟಿಯಾಗಿ ಹಿಡಿದಿದ್ದಳು. ಅಜ್ಜಿಯ ಅಂಗೈ ಬೆವರಿನಿಂದ ಒದ್ದೆಯಾಗಿತ್ತು.

ಲ್ಯಾಬಿನಿಂದ ಹೊರಟಾಗಲೂ, ಚಿಕಿತ್ಸೆಗೆ ಒಳಗೆ ಹೋಗುವಾಗಲೂ ಅಜ್ಜಿ ತಮಾಷೆ ಮಾಡಿದ್ದಳು. ಆಗಲೂ ಜೀರುಂಡೆಯ ಕೈ ಹಿಡಿದಿದ್ದ ಈ ಅಂಗೈ ಹೆದರಿಕೆಗೆ ಹೀಗೇ ಒದ್ದೆಯಾಗಿತ್ತು.

ಜೀರುಂಡೆ ಕೈ ಬಿಡಿಸಿಕೊಳ್ಳಲಿಲ್ಲ. ಆ ಬೆವರು ಆರುವವರೆಗೂ ಹಾಗೇ ಕೂತಳು.